ಬ್ಯಾನರಿನಲ್ಲಿ ಬೆಳ್ಳಗಾದ ಸೊಸೆ

ತುಮಕೂರಿಗೆ ಬಂದ ಹೊಸದು. ಶಿರಾ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನ ಕೈಗೆ ಗುರುತಿಲ್ಲದ ಹೆಂಗಸೊಬ್ಬಳು ತನ್ನ ಕೂಸನ್ನು ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಫೋಟೊ ತೆಗೆದಳು. ಕೂಸು ಕಿಟಾರನೆ ಅತ್ತಿತು. "ಥ್ಯಾಂಕ್ಸ್ ಮೇಡಂ" ಎಂದು ಅದನ್ನು ಇಸಿದುಕೊಂಡು ಹೋದಳು. ನಾನು ಹುಟ್ಟಿದ ಕೀನ್ಯಾದ ಕಿಸುಮುವಿನಲ್ಲಿ ಯಾರೂ ನನ್ನನ್ನು ತಿರುಗಿ ನೋಡಿದವರಲ್ಲ. ಅಲ್ಲಿ ಹೆಚ್ಚು ಕಡಿಮೆ ಎಲ್ಲರೂ ನನ್ನ ಬಣ್ಣದವರೇ. ನಾನು ಕಪ್ಪು ಎಂಬುದು ಒಂದು ಸುದ್ದಿಯಾದದ್ದು ಇಲ್ಲಿ.

ಫಾರ್ಮಸಿ ಓದಲು ಬಂದವಳು, ಸಹಪಾಠಿ ಶಿವಪ್ರಸಾದನನ್ನು ಪ್ರೀತಿಸಿ ಮದುವೆಯಾಗಿ ಇಲ್ಲೇ ಉಳಿದೆ. ಬಾಡಿಗೆ ಮನೆ ಹುಡುಕುವಾಗ ಫೋನಿನಲ್ಲಿ ನಗುತ್ತ ಮಾತಾಡಿದವರು ನನ್ನ ಮುಖ ಕಂಡೊಡನೆ, "ನಮ್ ನೆಂಟರಿಗೇ ಬೇಕಂತೆ" ಎನ್ನುತ್ತಿದ್ದರು. ಕೊನೆಗೆ ನಿವೃತ್ತ ಮೇಷ್ಟರೊಬ್ಬರು ಮಹಡಿ ಮನೆ ಕೊಟ್ಟರು. ಊಟ ಮಾತ್ರ ಸಲೀಸು. ನಮ್ಮ ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಅದನ್ನು ಅಗಿಯುತ್ತೇವೆ, ಇಲ್ಲಿಯದನ್ನು ನುಂಗಬೇಕು, ಅಷ್ಟೇ.

ಅತ್ತೆ ಗಂಗಮ್ಮ ಇರುವುದು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ. ಅಚಿಯೆಂಗ್ ಎಂಬ ನನ್ನ ಹೆಸರನ್ನು ಅಚ್ಚಮ್ಮ ಮಾಡಿ, ತಟ್ಟೆ ಬರಿದಾಗಲು ಬಿಡದೆ ಬಡಿಸುವರು. ಆದರೆ ನೆಂಟರ ಮನೆಗೆ ಹೊರಟಾಗ, "ಬಿಸ್ಲು ಜಾಸ್ತಿ, ನೀನ್ ಮನೇಲೇ ಇರವ್ವ" ಎನ್ನುವರು. ನಾನು ಅದರರ್ಥವನ್ನು ನನಗೆ ತೋಚಿದಂತೆ ಮಾಡಿಕೊಂಡಿದ್ದೆ.

ಒಂದು ದಿನ ಅತ್ತೆಯ ತೋಟದಲ್ಲಿ ಕಾಯಿ ಸುಲಿಯುತ್ತಾ, "ಏನ್ ನೋಡ್ತಾ ನಿಂತಿದ್ದೀಯ? ಬಂದು ಸುಲಿ ಕಣೋ!" ಎಂದು ಮೊಬೈಲ್ ಹಿಡಿದು ನಿಂತಿದ್ದ ಗಂಡನನ್ನು ಗದರಿದೆ. ಅವನು ಅದನ್ನೇ ರೀಲ್ ಮಾಡಿ ಹಾಕಿದ. ಜಿಲ್ಲೆಯೆಲ್ಲ ನೋಡಿತು. "ಅಪ್ಪಟ ಕನ್ನಡತಿ" ಎಂದು ಹೊಗಳಿದವರ ಕೆಳಗೇ, "ನಿಂಗೆ ಬೇರೆ ಹುಡ್ಗೀನೇ ಸಿಗ್ಲಿಲ್ವೇನ್ಲಾ?" ಎಂದು ಅವನನ್ನು ಕೇಳಿದವರಿದ್ದರು. ಕುಣಿಗಲ್ಲಿನ ಬಟ್ಟೆ ಅಂಗಡಿಯವರು ಉದ್ಘಾಟನೆಗೆ ಕರೆದರು. ನಾನು ಹಿಗ್ಗಿಹೋದೆ. ಅತ್ತೆಯೂ ರೇಷ್ಮೆ ಸೀರೆಯುಟ್ಟು ಜೊತೆಗೆ ಹೊರಟರು.

ಅಂಗಡಿಯ ಮುಂದೆ ಆಳೆತ್ತರದ ಬ್ಯಾನರ್. ಹೆಸರು ನನ್ನದೇ, ನಗುವೂ ನನ್ನದೇ. ಮುಖ ಮಾತ್ರ ಗೋಧಿ ಬಣ್ಣಕ್ಕೆ ತಿರುಗಿತ್ತು.

"ಡಿಸೈನರ್ರು ಸ್ವಲ್ಪ ಬ್ರೈಟ್ ಮಾಡವ್ನೆ ಮೇಡಂ. ಹೀರೋಯಿನ್‌ಗಳಿಗೂ ಹಿಂಗೇ ಮಾಡೋದು" ಎಂದ ಮಾಲೀಕ. ಜನ ಸೇರಿದ್ದರು. ನಾನು ನಕ್ಕು ಕತ್ತರಿಗೆ ಕೈ ಹಾಕಿದೆ.

"ಇದ್ಯಾರಪ್ಪ ಈ ಹೆಣ್ಣು?" ಅತ್ತೆಯ ದನಿ.

"ನಿಮ್ ಸೊಸೇನೇ ಕಣಮ್ಮ."

"ನನ್ ಸೊಸೆ ಇಲ್ಲಿ ನಿಂತವ್ಳೆ. ಇವಳ್ನ ಕರ್ಸಿದ್ರೆ ಅವಳ್ನ ಇಳ್ಸು. ಇಲ್ದಿದ್ರೆ ಅವಳ ಕೈಲೇ ಟೇಪ್ ಕತ್ತರಿಸ್ಕೋ, ನಾವ್ ಬತ್ತೀವಿ."

ಜನ ಹೋ ಎಂದು ನಕ್ಕರು. ಮಾಲೀಕ ತಾನೇ ಹಗ್ಗ ಬಿಚ್ಚಿ ಬ್ಯಾನರ್ ಇಳಿಸಿದ. ಆಮೇಲೆ ಟೇಪ್ ಕತ್ತರಿಸಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯತ್ತ ಮುಖ ಮಾಡಿಯೇ ಹೇಳಿದರು: "ನಾನ್ ಮದ್ವೆಯಾಗಿ ಬಂದಾಗ ನಮ್ಮತ್ತೆ ನನ್ ಹೆಸ್ರಿಡಿದು ಕರ್ದೋರೇ ಅಲ್ಲ. 'ಏ ಕರೀ' ಅಂತಿದ್ರು. ನಿನ್ನೂ ಯಾರಾದ್ರೂ ಅಂದ್ಬುಟ್ರೆ ಅಂತ ಎಲ್ಲೂ ಕರ್ಕೊಂಡೋಗ್ಲಿಲ್ಲ. ತಪ್ಪಾಯ್ತು ಬುಡವ್ವ."

ಅವರಿಗೆ ನನ್ನಿಂದ ನಾಚಿಕೆ ಎಂದುಕೊಂಡಿದ್ದವಳು ನಾನು. ಅವರ ಕೈ ಹಿಡಿದುಕೊಂಡೆ. ಅದರ ಬಣ್ಣವನ್ನು ಅಂದೇ ಸರಿಯಾಗಿ ನೋಡಿದ್ದು. ಮುಂದಿನ ವಾರ ಹುಲಿಯೂರುದುರ್ಗದ ಮದುವೆಯಲ್ಲಿ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿಕೊಂಡರು.

ಈ ವರ್ಷ ಕಿಸುಮುವಿಗೆ ಹೋಗಿದ್ದೆ. ನಮ್ಮ ಲುವೋ ಭಾಷೆಯಲ್ಲಿ 'ನ್ಯಾರ್' ಎಂದರೆ ಮಗಳು. ಮದುವೆಯಾಗಿ ಬಂದ ಹೆಣ್ಣನ್ನು ಗಂಡನ ಊರಿನವರು ಅವಳ ತವರೂರಿನ ಹೆಸರು ಸೇರಿಸಿ ಹಾಗೆ ಕರೆಯುವುದು ರೂಢಿ. ಬಾಗಿಲಲ್ಲೇ ಚಿಕ್ಕಮ್ಮ ಕೂಗಿದಳು: "ನ್ಯಾರ್ ಗುಬ್ಬಿ ಬಂದಳು!" ಹುಟ್ಟಿದ ಮನೆಯಲ್ಲೇ ನಾನು ಗುಬ್ಬಿಯ ಮಗಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಊಟಕ್ಕೆ ಕೂತಾಗ ಅಮ್ಮ ಮೆಲ್ಲಗೆ, "ಮನೆಗೆ ಯಾವತ್ತು ಹೊರಡುತ್ತೀ?" ಎಂದು ಕೇಳಿದಳು.

ತಾರೀಕು ಹೇಳಿದೆ. ಹೇಳಿಯಾದ ಮೇಲೆ ಹೊಳೆಯಿತು: ಅಮ್ಮ ಮನೆ ಎಂದದ್ದು ತುಮಕೂರನ್ನು, ನನಗೂ ಅದು ಹಾಗೆಯೇ ಕೇಳಿಸಿತ್ತು.