ಕೋಳಿಮೊಟ್ಟೆಗಿಂತ ದೊಡ್ಡದು

ಇಪ್ಪತ್ತಮೂರು ವರ್ಷ ತುಂಬುವವರೆಗೂ ನಾನು ಒಂದು ಕೋಳಿಮೊಟ್ಟೆಯನ್ನು ಕೈಯಲ್ಲಿ ಹಿಡಿದವಳಲ್ಲ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಬಸವನಗುಡಿಯ ನಮ್ಮ ಬೀದಿಯಲ್ಲಿ ಹಾಗೆ ಬೆಳೆದವರು ಬೇಕಾದಷ್ಟು ಜನ. ಮೊಟ್ಟೆಯಂಗಡಿ ಹತ್ತಿರವಾದಂತೆ ಅಮ್ಮ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು, ಅವಳ ಸೆರಗು ಹಿಡಿದು ನಾನೂ ದಾಟುತ್ತಿದ್ದೆ. ಇದರಿಂದ ಒಂದು ಕಾಡುಬಾತಿನ ಸಂಸಾರಕ್ಕೆ ಕುತ್ತು ಬಂದೀತು ಎಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಹನುಮಂತನಗರದ ಆಚೆ, ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಒಂದು ಸಣ್ಣ ಕೆರೆಯಿತ್ತು. ಭಾನುವಾರ ಬೆಳಿಗ್ಗೆ ನಾವು ಐದಾರು ಜನ ಅಲ್ಲಿ ಹಕ್ಕಿ ಎಣಿಸುತ್ತಿದ್ದೆವು. ನಮ್ಮನ್ನೆಲ್ಲ ಒಟ್ಟುಗೂಡಿಸಿದ್ದವರು ನಿವೃತ್ತ ಗಣಿತದ ಮೇಷ್ಟ್ರೊಬ್ಬರು. ಅವರ ಬಳಿ ಒಂದು ಉದ್ದನೆಯ ರಿಜಿಸ್ಟರು ಇತ್ತು. ಗೂಡು ಕಂಡವರು, ಮೊಟ್ಟೆ ಎಷ್ಟು, ಮರಿ ಎಷ್ಟು, ನಷ್ಟಕ್ಕೆ ಕಾರಣ ಏನು, ಎಲ್ಲಕ್ಕೂ ಸ್ಕೇಲಿಟ್ಟು ಗೆರೆ ಎಳೆದಿದ್ದರು. ಕಾಡುಬಾತಿನ ಪುಟದಲ್ಲಿ ಮರಿಯ ಕಾಲಂ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಎಪ್ಪತ್ತು ದಾಟಿದ್ದ ಮೇಷ್ಟ್ರಿಗೆ ಅದೊಂದೇ ಕೊರಗು.

ಕಾರಣ ಕಣ್ಣೆದುರೇ ಇತ್ತು. ಯಾರೋ ಸಾಕಲಾರದೆ ತಂದುಬಿಟ್ಟ ಬಿಳಿ ಹೆಬ್ಬಾತುಗಳು ವರ್ಷವರ್ಷವೂ ಹೆಚ್ಚುತ್ತಿದ್ದವು. ಸಂಜೆ ವಾಕಿಂಗಿಗೆ ಬಂದವರೆಲ್ಲ ಕಡಲೆಪುರಿ, ಬ್ರೆಡ್ಡು, ಮಿಕ್ಕ ಚಪಾತಿ ಹಾಕಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ನಮ್ಮಮ್ಮನೂ ದ್ವಾದಶಿಯ ದಿನ ಒಂದು ಡಬ್ಬಿ ಮೊಸರನ್ನ ಕಳಿಸಿದ್ದುಂಟು. ತಿಂದು ಕೊಬ್ಬಿದ ಆ ಹಿಂಡು ದಡದ ಜೊಂಡನ್ನೆಲ್ಲ ತುಳಿದು, ಪಾಪದ ಕಾಡುಬಾತುಗಳನ್ನು ಕುತ್ತಿಗೆ ಚಾಚಿ ಅಟ್ಟಿಬಿಡುತ್ತಿತ್ತು.

ಹೆಬ್ಬಾತುಗಳನ್ನು ಕೊಲ್ಲುವ ಮಾತನ್ನು ನಮ್ಮ ಗುಂಪಿನಲ್ಲಿ ಯಾರೂ ಎತ್ತುವಂತಿರಲಿಲ್ಲ. ಮೊಟ್ಟೆ ತೆಗೆದರೆ ಅವು ಮತ್ತೆ ಇಡುತ್ತವೆ. ಕೊನೆಗೆ ಮೇಷ್ಟ್ರು ಎಲ್ಲಿಂದಲೋ ಓದಿಕೊಂಡು ಬಂದ ಉಪಾಯ ಹೇಳಿದರು. ಮೊಟ್ಟೆಯ ಮೈಗೆಲ್ಲ ಎಣ್ಣೆ ಸವರಿ ಮತ್ತೆ ಗೂಡಿನಲ್ಲೇ ಇಡುವುದು. ಚಿಪ್ಪಿನೊಳಗೆ ಗಾಳಿ ಆಡದೆ ಮರಿ ಬೆಳೆಯುವುದಿಲ್ಲ. ತಾಯಿ ಮಾತ್ರ ಸುಮ್ಮನೆ ಕಾವು ಕೊಡುತ್ತಾ ಕೂತಿರುತ್ತದೆ. ಕಾವಿಗೆ ಕೂತ ತಾಯಿಗೆ ಮಾಡುವ ಮೋಸ ಅನ್ನಿಸಿತು. ಆದರೂ ಒಪ್ಪಿಕೊಂಡೆ, ಮನೆಯಿಂದ ಕಡಲೆಕಾಯಿ ಎಣ್ಣೆ ತರುತ್ತೇನೆ ಎಂದೂ ಹೇಳಿದೆ. ಆಗಿನ ನನ್ನ ಬುದ್ಧಿಯೇ ಹಾಗೆ, ಎಲ್ಲದಕ್ಕೂ ಮುಂದೆ ನುಗ್ಗುವುದು.

ಅಮ್ಮ ಬಾಟಲಿ ಕೊಡುತ್ತಾ ಕೇಳಿದಳು, "ಯಾವ ದೇವಸ್ಥಾನಕ್ಕೇ ಇದು?"

"ಹಕ್ಕಿಗಳಿಗಮ್ಮ."

"ಅವಕ್ಕೂ ಎಣ್ಣೆ ಸ್ನಾನ ಮಾಡಿಸ್ತೀರಾ? ಮಾಡಿ, ಮಾಡಿ."

ಆ ಭಾನುವಾರ ಒಬ್ಬರು ಕಡಲೆಪುರಿ ಚೆಲ್ಲಿ ಹೆಬ್ಬಾತುಗಳನ್ನು ಆಚೆ ದಡಕ್ಕೆ ಸೆಳೆದರು. ಮಿಕ್ಕವರಿಗೆ ಒಬ್ಬೊಬ್ಬರಿಗೆ ಒಂದೊಂದು ಗೂಡು. ನನ್ನದು ಈಚಲು ಪೊದೆಯ ಹಿಂದೆ ಎಲ್ಲೋ ಇದೆ ಎಂದಷ್ಟೇ ಗೊತ್ತಿತ್ತು. "ಗುರುತು ಸುಲಭ," ಎಂದರು ಮೇಷ್ಟ್ರು. "ಕೋಳಿಮೊಟ್ಟೆಗಿಂತ ದೊಡ್ಡದು, ಬೆಳ್ಳಗಿರುತ್ತೆ." ನಾನು ಗಂಭೀರವಾಗಿ ತಲೆಯಾಡಿಸಿದೆ. ಕೋಳಿಮೊಟ್ಟೆ ಎಷ್ಟಿರುತ್ತದೆ ಸಾರ್ ಎಂದು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಎಂ.ಎಸ್ಸಿ. ಓದಿದವಳು ಅದನ್ನು ಹೇಗೆ ಕೇಳುವುದು?

ಪೊದೆಯ ಹಿಂದೆ ಎಲ್ಲ ಕಡೆ ಹುಲ್ಲು ನೀಟಾಗಿ ಕೊಯ್ದಿತ್ತು, ಒಂದು ಮೂಲೆಯಲ್ಲಿ ಮಾತ್ರ ಮೊಣಕಾಲೆತ್ತರ ಉಳಿದಿತ್ತು. ಬಗ್ಗಿಸಿ ನೋಡಿದರೆ ಬೂದುಬಣ್ಣದ ಪುಕ್ಕದ ಹಾಸು, ಅದರೊಳಗೆ ಒಂಬತ್ತು ಮೊಟ್ಟೆ. ಎಷ್ಟು ದೊಡ್ಡವು ಅನ್ನಿಸಿತು! ಮುಟ್ಟಿದರೆ ಬೆಚ್ಚಗಿದ್ದವು. ಕ್ಷಮಿಸಿ ಎಂದು ಬಾಯಿಬಿಟ್ಟೇ ಹೇಳಿ, ಒಂದನ್ನು ಎತ್ತಿಕೊಂಡು ಎಣ್ಣೆ ಸವರಿದೆ. ಎರಡು, ಮೂರು, ನಾಲ್ಕು.

"ಏಯ್, ಏನ್ ಮಾಡ್ತಿದೀಯಾ?"

ಕುಡುಗೋಲು ಹಿಡಿದು ನಿಂತಿದ್ದವರು ಕೆರೆಯಂಗಳದ ಹುಲ್ಲು ಕೊಯ್ಯುವ ಹೆಂಗಸು. ಮಾವಳ್ಳಿಯಿಂದ ದಿನಾ ನಡೆದು ಬರುತ್ತಿದ್ದರು. ಮೂರು ವರ್ಷದಿಂದ ನೋಡುತ್ತಿದ್ದರೂ ನಾನು ಅವರನ್ನು ಒಂದು ದಿನವೂ ಮಾತಾಡಿಸಿರಲಿಲ್ಲ.

"ಹೆಬ್ಬಾತಿನ ಮೊಟ್ಟೆಗೆ..."

"ಹೆಬ್ಬಾತಂತೆ! ಕಾಡುಬಾತಿಂದು ಕಣವ್ವಾ ಇದು. ಹತ್ತು ದಿನದಿಂದ ಈ ಹುಲ್ಲಿಗೆ ಕುಡುಗೋಲು ತಾಗಿಸ್ದೆ ಕಾಯ್ತಿದೀನಿ."

"ಕೋಳಿಮೊಟ್ಟೆಗಿಂತ ದೊಡ್ಡದಿರುತ್ತೆ ಅಂದ್ರು."

"ಇದು ಅಷ್ಟೇ ಇದೆಯಲ್ಲ! ಕೋಳಿಮೊಟ್ಟೆ ನೋಡಿದೀಯಾ ನೀನು?"

"ಇಲ್ಲ," ಎಂದೆ.

ಅವರು ಬೈಯಲಿಲ್ಲ. ಎಲೆ ಸುಟ್ಟ ಗುಡ್ಡೆಯಿಂದ ಆರಿದ ಬೂದಿ ಮಡಿಲಿಗೆ ತುಂಬಿಕೊಂಡು ಬಂದು ಕೂತರು. ನಾಲ್ಕು ಮೊಟ್ಟೆಗೂ ಬೂದಿ ಹಚ್ಚಿ, ಎಳೆಗೂಸಿನ ತಲೆ ಒರೆಸಿದ ಹಾಗೆ ಸೆರಗಿನ ತುದಿಯಿಂದ ಒರೆಸಿ, ಮತ್ತೆ ಹಚ್ಚಿ ಒರೆಸಿದರು. "ಜಿಡ್ಡು ಬಿಟ್ರೆ ಬಿಡ್ತು. ನಮ್ ಕೈಲಾಗೋದು ಇಷ್ಟೇ." ಪುಕ್ಕ ಮುಚ್ಚಿ ನನ್ನನ್ನು ದೂರ ಎಳೆದುಕೊಂಡು ಹೋದರು. ಅರ್ಧ ಗಂಟೆಯ ಮೇಲೆ ಬಾತು ತಲೆ ತಗ್ಗಿಸಿಕೊಂಡು ಹುಲ್ಲೊಳಗೆ ನುಸುಳಿತು. ನನಗೆ ಅಳು ಬಂತು.

"ಯಾರ್ಗೂ ಹೇಳ್ಬೇಡ. ನಿಮ್ಮೋರೆಲ್ಲ ಬಂದು ಇಣುಕಿದ್ರೆ ಕಾಗೆ ಗುರುತು ಹಿಡ್ಕೊಂಬಿಡುತ್ತೆ," ಎಂದರು.

ಯಾರಿಗೂ ಹೇಳಲಿಲ್ಲ. ಮೇಷ್ಟ್ರು ಕೇಳಿದಾಗ ಗೂಡು ಸಿಗಲಿಲ್ಲ ಎಂದುಬಿಟ್ಟೆ. ಕಾಗೆಯ ನೆಪ ಸಿಕ್ಕಿದ್ದು ನನಗೆ ಅನುಕೂಲವೇ ಆಗಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ದಿನಗಳಲ್ಲಿ ಆಫೀಸಿಗೆ ಹೋಗುವ ಮೊದಲು ದಿನಾ ಕೆರೆಯ ಕಡೆ ಹೋಗುತ್ತಿದ್ದೆ. ಅವರು ದೂರದಿಂದಲೇ ಕೈ ಆಡಿಸಿ 'ಕೂತಿದೆ' ಎಂದು ಸನ್ನೆ ಮಾಡುತ್ತಿದ್ದರು. ಆಮೇಲೇ ನನಗೆ ತಿಂಡಿ ರುಚಿಸುತ್ತಿತ್ತು.

ಮೂರನೆಯ ಭಾನುವಾರ ಕಾಡುಬಾತು ನೀರಿನಲ್ಲಿತ್ತು, ಅದರ ಹಿಂದೆ ಒಂದು ಸಾಲು ಮರಿ. ಮೇಷ್ಟ್ರು ಮೂರು ಸಲ ಎಣಿಸಿದರು. ಮೂರು ಸಲವೂ ಏಳು. ದುರ್ಬೀನು ಇಳಿಸಿ ಕನ್ನಡಕ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. ಗೂಡೆಲ್ಲಿ ಎಂದಾಗ ಹುಲ್ಲು ಕೊಯ್ಯುವವರೇ ಕರೆದುಕೊಂಡು ಹೋಗಿ ತೋರಿಸಿದರು. ಚಿಪ್ಪಿನ ಚೂರುಗಳ ನಡುವೆ ಎರಡು ಮೊಟ್ಟೆ ಒಡೆಯದೆ ಉಳಿದಿದ್ದವು. ಎರಡರ ಮೇಲೂ ಬೂದಿಯ ಬೆರಳಚ್ಚು.

"ಒಂಬತ್ತಕ್ಕೆ ಏಳು. ಬರ್ಕೋಮ್ಮ. ಈ ಎರಡು ಯಾಕೋ?"

"ಚಳಿ ಜಾಸ್ತಿ ಇತ್ತಲ್ಲ ಸಾರ್," ಎಂದು ಆ ಹೆಂಗಸು ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ರಿಜಿಸ್ಟರು ನನ್ನ ಕೈಯಲ್ಲೇ ಇತ್ತು. ಚಳಿ ಎಂದು ಬರೆದಿದ್ದರೆ ಮುಗಿದಿತ್ತು. ಆದರೆ ಅವರು ನನಗಾಗಿ ಸುಳ್ಳು ಹೇಳಿದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ. "ಚಳಿಯಲ್ಲ ಸಾರ್, ನಾನು," ಎಂದು ಎಲ್ಲವನ್ನೂ ಹೇಳಿದೆ. ಕೋಳಿಮೊಟ್ಟೆ ನೋಡಿಲ್ಲದ್ದನ್ನೂ ಸೇರಿಸಿ.

ಮೇಷ್ಟ್ರು ಬಗ್ಗಿ ಆ ಎರಡು ಮೊಟ್ಟೆಗಳಿಗೆ ಪುಕ್ಕ ಮುಚ್ಚಿದರು. ಆಮೇಲೆ ಮೆಲ್ಲಗೆ, "ನಾನೂ ಹಿಡಿದಿಲ್ಲ ಕಣಮ್ಮ," ಎಂದರು. "ಪುಸ್ತಕದಲ್ಲಿತ್ತು, ಹೇಳ್ಬಿಟ್ಟೆ." ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ನಾವಿಬ್ಬರೂ ನಕ್ಕೆವು.

ನಷ್ಟಕ್ಕೆ ಕಾರಣದ ಕಾಲಂನಲ್ಲಿ ನನ್ನ ಹೆಸರು ಬರೆದೆ. ಗೂಡು ಕಂಡವರು ಎಂಬಲ್ಲಿ ಅವರ ಹೆಸರು ಬರೆಯಬೇಕಾಗಿತ್ತು. ಹೆಸರೇನು ಎಂದು ನಾನು ಕೇಳಿದ್ದು ಅದೇ ಮೊದಲ ಸಲ.

ಮುಂದಿನ ಭಾನುವಾರ ಅವರು ಸೊಂಟದ ಚೀಲದಿಂದ ಮನೆಯ ಕೋಳಿ ಇಟ್ಟ ಒಂದು ಮೊಟ್ಟೆ ತೆಗೆದು ಮೊದಲು ಮೇಷ್ಟ್ರ ಅಂಗೈಯಲ್ಲಿ, ಆಮೇಲೆ ನನ್ನ ಅಂಗೈಯಲ್ಲಿ ಇಟ್ಟರು. "ಸರಿಯಾಗ್ ನೋಡ್ಕೊಳಿ ಇಬ್ರೂ." ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಂಜೆ ಅಮ್ಮನಿಗೆ ಹೆಬ್ಬಾತುಗಳ ಕಾಟವನ್ನೂ ಸೇರಿಸಿ ಎಲ್ಲ ಹೇಳಿದರೆ, ಕೈ ತೊಳೆದುಕೊಂಡೆಯಾ ಎಂದಳು, ಮತ್ತೆ ಬಾತಿನ ಮರಿ ಎಷ್ಟು ಎಂದು ಕೇಳಿದಳು. ಹೆಬ್ಬಾತಿಗೆ ಮೊಸರನ್ನ ಕಳಿಸುವುದು ಅಂದಿಗೇ ನಿಂತಿತು.

ಎರಡು ಸಾವಿರದ ಇಸವಿಯ ಈಚೆಗೆ ಮೇಷ್ಟ್ರು ಹೋದ ಮೇಲೆ ರಿಜಿಸ್ಟರು ನನ್ನ ಬಳಿ ಬಂತು. ಹೆಬ್ಬಾತುಗಳು ಅಷ್ಟರಲ್ಲಿ ಬೆರಳಲ್ಲಿ ಎಣಿಸುವಷ್ಟಾಗಿದ್ದವು, ಕಾಡುಬಾತಿನ ಮರಿಯ ಕಾಲಂ ಒಂದು ವರ್ಷವೂ ಖಾಲಿ ಬೀಳಲಿಲ್ಲ. ಗೂಡು ಕಂಡವರು ಎಂಬಲ್ಲಿ ಹೆಚ್ಚಿನ ಪುಟಗಳಲ್ಲಿ ಒಂದೇ ಹೆಸರು. ಹೊಸದಾಗಿ ಸೇರಿದವರು ಹೆಚ್ಚಾಗಿ ನಮ್ಮಂಥ ಮನೆಗಳವರೇ. ಅವರಿಗೆ ಎಣ್ಣೆಬಾಟಲಿ ಕೊಡುವ ಮೊದಲು ನಾನು ಆ ಹೆಂಗಸನ್ನು ಕರೆಯುತ್ತಿದ್ದೆ. ಅವರು ಕುಡುಗೋಲು ಕೆಳಗಿಟ್ಟು, ಸೊಂಟದ ಚೀಲಕ್ಕೆ ಕೈಹಾಕಿ, "ಯಾರ್ ಯಾರು ನೋಡಿಲ್ಲ, ಕೈ ನೀಡಿ," ಎನ್ನುತ್ತಿದ್ದರು. ಪ್ರತಿ ವರ್ಷವೂ ಎಲ್ಲರಿಗಿಂತ ಮೊದಲು ನಾನೇ ಕೈ ನೀಡುತ್ತಿದ್ದೆ.