ಅತ್ತೆಯ ಬೆರಳು, ನನ್ನ ಸಕ್ಕರೆ

ನನಗೆ ಮದುವೆಗೆ ಮುಂಚೆಯೇ ಸಕ್ಕರೆ ಕಾಯಿಲೆ. ಬಾಯಿಚಪಲ ಅದಕ್ಕೂ ಮುಂಚಿನದು. ಮೊದಲ ಕೂಸು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹಾಗಾಗಿ ಎರಡನೆಯ ಸಲ ಬಸುರಿಯಾದಾಗ ಸೇಲಂ ಡಾಕ್ಟರಮ್ಮ ರಕ್ತದ ಸಕ್ಕರೆ ನೋಡುವ ಪುಟ್ಟ ಮೆಷಿನ್ ಕೈಗೆ ಕೊಟ್ಟು, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದರು. ಅದನ್ನು ನೋಡಿಯೇ ಅವರು ಇನ್ಸುಲಿನ್ ಹೆಚ್ಚುಕಡಿಮೆ ಮಾಡುತ್ತಿದ್ದುದು. "ಪೊಯ್ ಎಳುದಾದೆಮ್ಮಾ," ಸುಳ್ಳು ಬರೆಯಬೇಡಮ್ಮ, ಬರೆದರೆ ಪೆಟ್ಟು ಬೀಳುವುದು ಮಗುವಿಗೆ, ಎಂದು ತಮಿಳಿನಲ್ಲಿ ಹೇಳಿದ್ದರು.

ನಾನೇನು ಸುಳ್ಳು ಬರೆಯುವವಳಲ್ಲ. ಆದರೆ ಯುಗಾದಿಯ ಮಾರನೆಯ ದಿನ ಅತ್ತೆ ರಾಟೆಯ ಮುಂದೆ ನೂಲು ಸುತ್ತುತ್ತಾ ಕೂತಿದ್ದಾಗ ಒಬ್ಬಟ್ಟಿನ ಡಬ್ಬ ನನ್ನನ್ನೇ ನೋಡುತ್ತಿತ್ತು. ತಿಂದೆ. ಎರಡು ಗಂಟೆ ಕಳೆದ ಮೇಲೆ ಬೆರಳು ಚುಚ್ಚಬೇಕು. ಅಯ್ಯೋ ಶಿವನೇ! ಆಗ ಹೊಳೆಯಿತು: ಅತ್ತೆ ಕಲ್ಲುಗುಂಡಿನ ಹಾಗಿದ್ದಾರೆ, ಅವರ ರಕ್ತಕ್ಕೇನು ಕೇಡು?

"ಅತ್ತೆ, ಮೆಷಿನ್ ಸರಿಯಾಗೈತಾ ನೋಡ್ಬೇಕು. ನಿಮ್ ಬೆರಳು ಕೊಡಿ."

"ತಕ್ಕೋ ನನ್ ಕಣ್ಣೇ, ಹತ್ತೂ ಬೆರಳು ನಿಂದೇ."

ನೂಲು ಹಿಡಿದು ಹಿಡಿದು ಜಡ್ಡುಗಟ್ಟಿದ ಬೆರಳು. ಮೂರು ಸಲ ಚುಚ್ಚಿದ ಮೇಲೆ ಒಂದು ಹನಿ ಬಂತು. ಮೆಷಿನ್ ತೋರಿಸಿದ್ದು ಮುನ್ನೂರ ಹನ್ನೆರಡು! ಕೆಟ್ಟಿರಬೇಕು ಎಂದುಕೊಂಡು ನನ್ನ ಬೆರಳನ್ನೇ ಚುಚ್ಚಿದೆ. ನೂರ ತೊಂಬತ್ತು. ಕದ್ದು ತಿಂದ ನನಗಿಂತ ಅತ್ತೆಗೇ ಹೆಚ್ಚು. ಪಾಪ, ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಯಾರಿಗೂ ಗೊತ್ತೇ ಇರಲಿಲ್ಲ.

ಮುಚ್ಚಿಟ್ಟರೆ ಅವರಿಗೆ ಮೋಸ, ಹೇಳಿದರೆ ನಿನ್ನದೆಷ್ಟು ಎಂದು ಕೇಳುತ್ತಾರೆ, ನನ್ನ ಕಳ್ಳತನ ಬಯಲು. ಅಳುತ್ತಾ ಎಲ್ಲ ಒದರಿಬಿಟ್ಟೆ.

"ನಂದು ಆಮೇಲೆ ನೋಡ್ಕೊಳ್ಳಾನ," ಎಂದರು ಅತ್ತೆ. "ನಂದು ಕಮ್ಮಿ ಬಂದಿದ್ರೆ ಅದ್ನೇ ಬರೀತಿದ್ಯಾ?"

"ಹೂಂ," ಎಂದೆ.

"ಹೋದ್ ಸಲ ಆ ಕೂಸ್ನ ಬಟ್ಟೇಲಿ ಸುತ್ತಿ ಕೊಟ್ಟೋಳು ನಾನು. ಇನ್ನೊಂದ್ ಸಲ ನನ್ ಕೈಲಿ ಆಗಲ್ಲ. ಬರಿಯೇ!"

ನೂರ ತೊಂಬತ್ತು ಎಂದು ಬರೆದೆ. ಪಕ್ಕದಲ್ಲಿ ತಿಂದದ್ದನ್ನೂ ಬರೆದು, ಅತ್ತೆಗೆ ಓದು ಬಾರದ್ದರಿಂದ ಗಟ್ಟಿಯಾಗಿ ಓದಿದೆ: ಎರಡು ಒಬ್ಬಟ್ಟು.

"ಮೂರು," ಎಂದರು ಅತ್ತೆ.

ತಿದ್ದಿದೆ.

ಡಾಕ್ಟರಮ್ಮ ನನಗೆ ಬೈದು ಇನ್ಸುಲಿನ್ ಏರಿಸಿದರು, ಅತ್ತೆಗೂ ಮಾತ್ರೆ ಶುರುಮಾಡಿದರು. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಮಗಳು ಹುಟ್ಟಿದಳು, ಆಸ್ಪತ್ರೆಯೇ ಕಿತ್ತುಹೋಗುವ ಹಾಗೆ ಕಿರುಚುತ್ತಾ. ಅಲ್ಲಿಯವರೆಗೂ ಒಂದು ಹನಿ ಕಣ್ಣೀರು ಹಾಕದ ಅತ್ತೆ ಆ ಸದ್ದು ಕೇಳಿ ಗೊಳೋ ಎಂದು ಅತ್ತರು.