ಅಪ್ಪನ ಏಳು ಮಂದಿ ಕಳ್ಳರು

ಅಪ್ಪನ ಎಡಗಾಲಿಗೆ ಎರಡು ಬೆರಳಿಲ್ಲ. ಕಳ್ಳರ ಜೊತೆ ಹೊಡೆದಾಡಿ ಕಳೆದುಕೊಂಡದ್ದು ಎಂದು ನಮ್ಮ ಬಳಗಕ್ಕೆಲ್ಲ ಗೊತ್ತು. ನಾನು ಹುಟ್ಟುವ ಮೊದಲಿನ ಮಾತು. ಆಗ ಅವನು ಯಾಪಲದಿನ್ನಿಯ ಸಾಹುಕಾರರ ಮನೆಯಲ್ಲಿ ಸಂಬಳದಾಳು. ಶೇಂಗಾ ಚೀಲ ಹೇರಿಕೊಂಡು, ಹೊಸದಾಗಿ ಮದುವೆಯಾದ ಅವ್ವನನ್ನೂ ಕೂರಿಸಿಕೊಂಡು ಎತ್ತಿನ ಬಂಡಿಯಲ್ಲಿ ರಾಯಚೂರಿಗೆ ಹೊರಟಿದ್ದನಂತೆ. ಗುಂಡುಕಲ್ಲುಗಳ ಮರೆಯಿಂದ ಕಳ್ಳರು ಜಿಗಿದು ಬಂದರಂತೆ. ಅವ್ವ ಚೀಲಗಳ ನಡುವೆ ಮೂರ್ಛೆ ಹೋದಳಂತೆ. ಒಬ್ಬ ಕಲ್ಲೆತ್ತಿ ಕಾಲು ಜಜ್ಜಿದರೂ ಅಪ್ಪ ಬಾರುಕೋಲಿನಿಂದಲೇ ಅವರನ್ನು ಅಟ್ಟಿದನಂತೆ.

ನಾನು ಚಿಕ್ಕವಳಿದ್ದಾಗ ಕಳ್ಳರು ಇಬ್ಬರೇ ಇದ್ದರು. ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟು ಮದುವೆ ಮಾಡುವ ಹೊತ್ತಿಗೆ ನಾಲ್ಕಾದರು. ನನ್ನ ಮಗನ ತೊಟ್ಟಿಲ ದಿನ ಏಳು ಮಂದಿಯಾಗಿ, ಅದರಲ್ಲೊಬ್ಬನ ಕೈಗೆ ಬಂದೂಕೂ ಬಂತು. "ಯಪ್ಪಾ, ಸ್ವಲ್ಪ ಕಮ್ಮಿ ಮಾಡು" ಎಂದರೆ, "ಆಗ ಗಡಿಬಿಡ್ಯಾಗ ಸರಿಯಾಗಿ ಎಣಿಸಿದ್ದಿಲ್ಲವ್ವ. ಈಗ ಒಬ್ಬೊಬ್ಬರಾಗಿ ನೆಪ್ಪಾಗಾಕತ್ತಾರ" ಎನ್ನುತ್ತಿದ್ದ. ಕಥೆ ಶುರುವಾದರೆ ಸಾಕು, ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ನೂರು ಸಲ ಕೇಳಿ ಬೇಸತ್ತಿರಬೇಕು ಎಂದುಕೊಂಡಿದ್ದೆ.

ನಾನು ಮಾನ್ವಿ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಅಪ್ಪ, ಅವ್ವ ರಾಯಚೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ತರಗತಿಯಲ್ಲಿ ಯಾರಾದರೂ ಗಾಳಿಮಾತು ಹೇಳಿದರೆ ನನಗೆ ಮೈ ಉರಿಯುತ್ತದೆ. "ನೋಡಿದವರ್‍ಯಾರು, ಕೇಳಿದವರ್‍ಯಾರು?" ಎಂದು ಬೆನ್ನು ಹತ್ತುತ್ತೇನೆ. ಹುಡುಗರು ಹಿಂದಿನಿಂದ ನನ್ನನ್ನು ಪೊಲೀಸ್ ಟೀಚರ್ ಎನ್ನುತ್ತಾರೆ. ಅನ್ನಲಿ.

ಒಂದು ದಿನ ಒಂಬತ್ತನೇ ತರಗತಿಯವರು ಅಮೆರಿಕದ ಗಾಡಿಗಳ ವಿಷಯ ಎತ್ತಿದರು. ಮೊಬೈಲಿನಲ್ಲಿ ನೋಡಿದ್ದರು: ಬಟ್ಟೆ ಹೊದಿಸಿದ ಗಾಡಿಗಳ ಸಾಲು ಪಡುವಣಕ್ಕೆ ಹೊರಟಿದೆ, ಗುಡ್ಡದ ಮೇಲಿಂದ ಅಲ್ಲಿನ ಮೂಲ ಜನ ಬಾಣ ಬಿಡುತ್ತ ಬರುತ್ತಿದ್ದಾರೆ. ಮರುದಿನ ನಾನು ಓದಿಕೊಂಡು ಹೋಗಿ, ಹಲಗೆಯ ನಡುವೆ ಗೀಟು ಎಳೆದು, ಒಂದು ಕಡೆ 'ಹೆದರಿದ್ದು', ಇನ್ನೊಂದು ಕಡೆ 'ಆಗಿದ್ದು' ಎಂದು ಬರೆದೆ. ಹೆದರಿದ್ದು ಬಾಣಕ್ಕೆ. ಸತ್ತದ್ದು ಬಹುಪಾಲು ಕೆಟ್ಟ ನೀರು ಕುಡಿದು ವಾಂತಿಭೇದಿಯಿಂದ. ಹೊಳೆ ದಾಟುವಾಗ ಮುಳುಗಿ ಸತ್ತವರಿದ್ದರು, ತಮ್ಮದೇ ಬಂದೂಕು ಹಾರಿ ಸತ್ತವರಿದ್ದರು. ತಮ್ಮದೇ ಗಾಡಿಯಿಂದ ಬಿದ್ದು ಅದರ ಗಾಲಿಗೇ ಸಿಕ್ಕವರೂ ಇದ್ದರು. ಮೂಲ ಜನರೋ, ಎಷ್ಟೋ ಕಡೆ ದಾರಿ ತೋರಿಸಿ, ಹೊಳೆ ದಾಟಿಸಿ, ಸರಕು ಕೊಟ್ಟು ಕೊಂಡು ಮಾಡಿದರು. ಗಾಡಿ ಎಳೆದದ್ದು ಹೆಚ್ಚಾಗಿ ಎತ್ತುಗಳು ಎಂದಾಗ ಮಾತ್ರ ಹುಡುಗರು ಬೆಂಚಿನ ಮೇಲೆ ಎದ್ದು ನಿಂತರು. "ಅಲ್ಲೀನೂ ಎತ್ತ ಏನ್ರಿ ಟೀಚರ್? ಹಂಗಾರ ನಮ್ಮೂರಿನಂಗ ಅದ ತಗೋರಿ!"

ಆ ಹುರುಪಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮಪ್ಪ ಬಂಡಿ ಹೊಡೆದವನು, ನಿಜವಾದ ಕಳ್ಳರನ್ನು ಕಂಡವನು, ಶನಿವಾರ ಕರೆದುಕೊಂಡು ಬರುತ್ತೇನೆ ಎಂದುಬಿಟ್ಟೆ.

ಮನೆಯಲ್ಲಿ ಹೇಳಿದ್ದೇ ತಡ, ಅಪ್ಪ ಮೀಸೆ ಕತ್ತರಿಸಿಕೊಳ್ಳಲು ಕನ್ನಡಿ ಹುಡುಕಿದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕ ಕೂತು ನನ್ನ ಪಾಠವನ್ನೂ ಹೇಳಿದೆ. ಗಾಲಿಯ ಮಾತು ಬಂದಾಗ ರೊಟ್ಟಿಯ ಸಪ್ಪಳ ನಿಂತಿತು.

"ಗಾಲಿ ಮಾತು ಯಾಕ ತೆಗದಿ? ಯಾರು ಹೇಳಿದ್ರು ನಿನಗ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ನನ್ನೊಳಗಿನ ಪೊಲೀಸ್ ಎದ್ದು ಕೂತಳು. "ಯವ್ವಾ, ಖರೇ ಹೇಳು" ಎಂದೆ. ಹೆಂಚಿನ ಮೇಲೆ ಕರಿಕಾದ ರೊಟ್ಟಿಯನ್ನು ತೆಗೆದಿಟ್ಟು, ಹೇಳಿದಳು.

ಕಳ್ಳರಿರಲಿಲ್ಲ. ಒಬ್ಬನೂ ಇರಲಿಲ್ಲ. ಬಂಡಿ ಹೊಡೆಯುವ ಆಸೆ ಅವ್ವನಿಗೆ. ಊರು ದಾಟಿದ ಮೇಲೆ ಅಪ್ಪ ಹಗ್ಗ ಅವಳ ಕೈಗೆ ಕೊಟ್ಟು, ತಾನು ಪಕ್ಕದಲ್ಲಿ ಹಾಡುತ್ತ ನಡೆದಿದ್ದ. ಅವಳು ಒಂದು ಹಗ್ಗ ಹೆಚ್ಚು ಜಗ್ಗಿದಳು, ಎತ್ತುಗಳು ಹೊರಳಿದವು, ಗಾಲಿ ಅವನ ಪಾದದ ಮೇಲೆ ಹೋಯಿತು. ಹೆಣ್ಣು ಬಾರುಕೋಲು ಹಿಡಿದರೆ ಮನೆ ಉದ್ಧಾರವಾಗುವುದಿಲ್ಲ ಎನ್ನುವ ಅತ್ತೆ ಮನೆಯಲ್ಲಿದ್ದಳು. ಬಂಡಿ, ಎತ್ತು ಸಾಹುಕಾರರವು. ಹೆಂಡತಿಯ ಕೈಗೆ ಕೊಟ್ಟ ಎಂದು ತಿಳಿದರೆ ಅಪ್ಪನ ಕೆಲಸ ಹೋಗುತ್ತಿತ್ತು. ದವಾಖಾನೆಯಲ್ಲಿ ಏನಾಯಿತು ಎಂದು ಕೇಳಿದಾಗ ಅಪ್ಪನ ಬಾಯಿಂದ ಕಳ್ಳರು ಹುಟ್ಟಿದರು. ಸಾಹುಕಾರರು ಮೆಚ್ಚಿ ಹೊಸ ರುಮಾಲು ಬೇರೆ ಸುತ್ತಿಸಿದರು!

"ನನ್ನ ಸಲುವಾಗಿ ಇಷ್ಟು ವರ್ಷ ಸುಳ್ಳು ಹೇಳ್ಯಾನ ನಿಮ್ಮಪ್ಪ. ಹುಡುಗರ ಮುಂದ ಅವನ ಮಾನ ತೆಗೀಬ್ಯಾಡ" ಎಂದಳು. ಆಮೇಲೆ ಮೆಲ್ಲಗೆ, "ಮೂರ್ಛೆ ಹೋದಳು ಅಂತಾನಲ್ಲ, ಅದೊಂದು ಕೇಳಾಕ ಆಗಂಗಿಲ್ಲ ನನಗ" ಎಂದಳು. ನನಗೆ ಅಳು ಬಂತು. ಅಪ್ಪ ಆಚೆ ಕೂತು ಮೀಸೆ ತೀಡುತ್ತಿದ್ದ.

ಶನಿವಾರ ಅವ್ವನೂ ಸೀರೆ ಉಟ್ಟು ತಯಾರಾದಳು. "ನೀ ಯಾಕ ಬೇ?" ಎಂದ ಅಪ್ಪ. "ಬಸ್ಸು ನಿಮ್ಮಪ್ಪಂದೇನು?" ಎಂದಳು. ನನಗೆ ಬಸ್ಸಿನುದ್ದಕ್ಕೂ ಒಂದೇ ಯೋಚನೆ. ಖರೇ ಹೇಳಬೇಕು ಎಂದು ಹುಡುಗರ ತಲೆ ತಿನ್ನುವವಳು ನಾನೇ, ಈಗ ಸುಳ್ಳನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿರುವವಳೂ ನಾನೇ.

ಅಪ್ಪ ತರಗತಿಯಲ್ಲಿ ಮೆರೆದುಬಿಟ್ಟ. ನನ್ನ ಬೆತ್ತವೇ ಬಾರುಕೋಲಾಯಿತು. ಏಳೂ ಮಂದಿ ಬಂದರು, ಏಳೂ ಮಂದಿ ಓಡಿದರು, ಹುಡುಗರು ಶಿಳ್ಳೆ ಹೊಡೆದರು. ಅವ್ವ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಎಲ್ಲದಕ್ಕೂ ಯಾಕೆ ಎಂದು ಕೇಳುವುದನ್ನು ಅವಳಿಗೆ ಕಲಿಸಿದ ಪುಣ್ಯಾತ್ಗಿತ್ತಿ ನಾನೇ.

"ಅಜ್ಜಾ, ನಿಮ್ಮ ಕಾಲು ಜಜ್ಜಿ ಹೋಗಿತ್ತು. ಅಜ್ಜಿ ಮೂರ್ಛೆ ಹೋಗಿದ್ರು. ಮತ್ತ ದವಾಖಾನಿ ತನಕ ಬಂಡಿ ಹೊಡದವರು ಯಾರ್‍ರಿ?"

ಇಷ್ಟು ವರ್ಷದಲ್ಲಿ ನಮ್ಮ ಮನೆಯ ಯಾರೂ ಕೇಳಿರದ ಪ್ರಶ್ನೆ. ನಾನೂ ಕೇಳಿರಲಿಲ್ಲ! ಅಪ್ಪ ಅವ್ವನ ಕಡೆ ನೋಡಿದ. ಸಾಕು, ಗಂಟೆ ಆಯಿತು ಎಂದು ಹೇಳಲು ನಾನು ಹೊರಟಿದ್ದೆ. ಅಷ್ಟರಲ್ಲಿ ಅವ್ವ ಎದ್ದಳು.

"ನಾ ಹೊಡದೆ" ಎಂದಳು. "ಕಳ್ಳರು ಯಾರೂ ಇದ್ದಿಲ್ಲ. ಬಂಡಿ ನನ್ನ ಕೈಯಾಗಿತ್ತು, ಗಾಲಿ ಹತ್ತಿಸಿದಾಕಿನೂ ನಾನ. ಎರಡು ಚೀಲ ಕೆಳಗ ಉರುಳಿಸಿ, ಇವ್ರನ್ನ ಮ್ಯಾಲೆ ಎಳಕೊಂಡು, ಸೆರಗು ಹರದು ಕಾಲಿಗಿ ಕಟ್ಟಿದೆ. ಮೂರು ಹರದಾರಿ ಒಬ್ಬಾಕಿನ ಹೊಡಕೊಂಡು ಹೋದೆ. ಅದಕ್ಕೂ ಮುಂಚೆ ಹಗ್ಗ ಹಿಡದದ್ದು ಒಂದ ತಾಸು. ಮೂರ್ಛೆ ಹೋಗಾಕ ನನಗ ಪುರಸತ್ತು ಎಲ್ಲಿತ್ತು?"

ಪ್ರಶ್ನೆ ಕೇಳಿದ ಹುಡುಗಿಯೇ ಮತ್ತೆ ಕೇಳಿದಳು: "ಆಗ ಅಜ್ಜ ಏನ್ ಮಾಡಾಕತ್ತಿದ್ರು?"

"ಯವ್ವಾ, ಯವ್ವಾ ಅಂತ ಅಳಾಕತ್ತಿದ್ರು. ರಾಯಚೂರು ಕಾಣ್ತಿದ್ದಂಗ ಮಾತ್ರ ಎದ್ದು ಕುಂತು ಹಗ್ಗ ಕಸಗೊಂಡ್ರು."

ಹುಡುಗಿಯರು ಬೆಂಚು ಬಡಿದರು. ಅಪ್ಪನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವನು ಬೆತ್ತವನ್ನು ಮೇಜಿನ ಮೇಲಿಟ್ಟು, "ಹೌದು, ಅತ್ತಿದ್ದೆ. ಸಾಯ್ತೀನಿ ಅನ್ಕೊಂಡಿದ್ದೆ. ಆಕಿನ ನನ್ನನ್ನ ಉಳಿಸಿದಳು" ಎಂದ. ಬೈಗುಳ ತಪ್ಪಿಸಲು ಹುಟ್ಟಿಸಿದ ಕಳ್ಳರು ಅವಳ ಪಾಲಿನ ಹೊಗಳಿಕೆಯನ್ನು ಹೊತ್ತುಕೊಂಡು ಹೋಗಿದ್ದು ಅವನಿಗೂ ಅವತ್ತೇ ಹೊಳೆಯಿತೆಂದು ಕಾಣುತ್ತದೆ.

ಸಂಜೆ ಮಾನ್ವಿ ಬಸ್ ನಿಲ್ದಾಣದಲ್ಲಿ ಅವ್ವ ನನ್ನ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದಳು. ಅಪ್ಪ ಆ ಕಡೆ ಗುರುತಿಲ್ಲದ ಮುದುಕನೊಬ್ಬನಿಗೆ ಚಪ್ಪಲಿ ಬಿಚ್ಚಿ ಕಾಲು ತೋರಿಸುತ್ತಿದ್ದ. ಅಯ್ಯೋ, ಮತ್ತೆ ಶುರುವಾಯಿತು ಎಂದು ಕಿವಿಗೊಟ್ಟೆ.

"ಏಳು ಹರದಾರಿ ರೀ! ಮಳಿ, ಗುಡುಗು. ಎತ್ತು ಎರಡೂ ಬೆದರ್‍ಯಾವ. ನಮ್ಮಾಕಿ ನೊಗದ ಮ್ಯಾಲೆ ನಿಂತು ಹೊಡದಾಳ ನೋಡ್ರಿ ಬಂಡಿ..."

ನಾನು ತಿದ್ದಲು ಎದ್ದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು.

"ಇರಲಿ ಬಿಡು" ಎಂದಳು. "ಕೇಳೂಣು."